ಜಂಗ್ ಹಿಡಿಯದ ರೈಫಲ್

ಬೇಟೆ ಬಂದ್ ಆಗಿ, ಮುಂಬೈಯ ದೊಡ್ಡ ಮನೆಗಳ ಗೋಡೆಯಿಂದ ಬಂದೂಕುಗಳು ಇಳಿದು ಮಾರಾಟಕ್ಕೆ ಬರುತ್ತಿದ್ದ ದಿನಗಳು ಅವು. ನನಗೆ ಒಂಬತ್ತು ವರ್ಷ. ಬೈಕುಲ್ಲಾದ ಒಬ್ಬ ಸೇಠ್‌ನ ಬಂದೂಕು ರಿಪೇರಿ ಅಂಗಡಿಯಲ್ಲಿ ನಮ್ಮಪ್ಪ ಮಿಸ್ತ್ರಿ. ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಓಡುತ್ತಿದ್ದೆ. ಅಗಸೆ ಎಣ್ಣೆ, ಸೀಮೆಎಣ್ಣೆ, ಎದುರಿನ ಇರಾನಿ ಹೋಟೆಲಿನ ಬಿಸಿ ಬನ್ನು, ಆಹಾ, ಏನು ವಾಸನೆ ಅದು! ಚಾಳಿನ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರೆ, ನನ್ನ ಆಟ ಬಂದೂಕಿನ ನಳಿಕೆಯೊಳಗೆ ಬಟ್ಟೆ ಎಳೆಯುವುದು.

ಆ ಮಳೆಗಾಲ ಪಾರ್ಸಿ ಬಾಯಿ ಒಬ್ಬರು, ವಯಸ್ಸಾದ ಹೆಂಗಸು, ತೀರಿಹೋದ ಗಂಡನ ಬೇಟೆಯ ರೈಫಲ್ ತಂದು, ಬೆಲೆ ಕಟ್ಟಿರಿ ಎಂದು ಬಿಟ್ಟುಹೋದರು. ಗುಂಡು ಹಾರಿಸುವ ಕುದುರೆಯ ಕೆಳಗೆ ಬಳೆಯಂಥ ಕೊಂಡಿ. ಕೆಳಗೆ ಜಗ್ಗಿದರೆ ಖಟ್ ಎಂದು ನಳಿಕೆಯ ಹಿಂಬದಿ ತೆರೆಯುತ್ತಿತ್ತು. ನನಗೆ ಹುಚ್ಚೇ ಹಿಡಿಯಿತು.

"ಅಪ್ಪಾ, ಹೊರಗೂ ತಿಕ್ಕಿ ಫಳಫಳ ಮಾಡ್ಲೇನು?"

"ಕೈ ಮುರೀತೀನಿ ನೋಡು! ಹಳೇ ಬಣ್ಣ ಹ್ವಾದ್ರ ಅದರ ಕಿಮ್ಮತ್ತೂ ಹ್ವಾತು. ಒಳಗಷ್ಟ ಒರಸು."

ಮೂರು ದಿನ ಒಳಗಷ್ಟೇ ಒರೆಸಿದೆ. ನಾಲ್ಕನೆಯ ದಿನ ಬಾಯಿ ಬಂದರು. ಸೇಠ್‌ಗೆ ಅದನ್ನು ತಾನೇ ಅಗ್ಗಕ್ಕೆ ಹೊಡೆದುಕೊಳ್ಳುವ ಆಸೆ. ಮುಖ ಸಣ್ಣ ಮಾಡಿಕೊಂಡು, "ಜಂಗ್ ಕಾ ಮಾಲ್ ಹೈ, ಬಾಯಿ. ಇಸ್ಕಾ ಕ್ಯಾ ಮಿಲೇಗಾ?" ಎಂದ, ಇದಕ್ಕೇನು ಸಿಕ್ಕೀತು ಎಂಬಂತೆ.

ನಮ್ಮ ಮನೆಯಲ್ಲಿ ಜಂಗ್ ಎಂದರೆ ತುಕ್ಕು. ಟ್ರಂಕಿಗೆ ಹಿಡಿಯುವುದು, ಈಳಿಗೆಗೆ ಹಿಡಿಯುವುದು. ನನ್ನ ಮೈಯೆಲ್ಲ ಉರಿದುಹೋಯಿತು.

"ಜಂಗ್ ನಹೀ ಹೈ! ಸುಳ್ಳ ಹೇಳ್ತಾನ! ಮೂರ ದಿನ ನಾನಽ ಎಣ್ಣಿ ಹಾಕಿ ಒರಸೇನಿ!"

ಸೇಠ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೇ ಪಗ್ಲಿ, ಜಂಗ್ ಮತ್ಲಬ್ ಲಡಾಯಿ!" ಯುದ್ಧ ಮುಗಿದ ಮೇಲೆ ರಾಶಿಗಟ್ಟಲೆ ಮಾರಿದ ಸರಕು ಇದು ಎಂದು ಅವನ ಮಾತು.

ನಾನು ನಿಲ್ಲಲಿಲ್ಲ. "ಲಡಾಯಿನರ ಇರ್ಲಿ, ಏನರ ಇರ್ಲಿ, ಒಳಗ ನೋಡ್ರಿ!" ಎಂದು ಕೊಂಡಿ ಜಗ್ಗಿ, ಗುಂಡಿಲ್ಲ ಎಂದು ತೋರಿಸಿ, ಅಪ್ಪ ಕಲಿಸಿದ ಹಾಗೆ ತೆರೆದ ಹಿಂಬದಿಗೆ ಬಿಳಿ ಕಾಗದದ ಚೂರು ಇಟ್ಟೆ. ಪಾರ್ಸಿ ಬಾಯಿ ಮುಂದಿನಿಂದ ನಳಿಕೆಗೆ ಕಣ್ಣು ಹಚ್ಚಿದರು. ಒಳಗಿನ ಸುತ್ತುಗೆರೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು.

ಬಾಯಿ ಅಪ್ಪನ ಕಡೆ ತಿರುಗಿದರು. "ಮಿಸ್ತ್ರಿ, ತುಮ್ ಬೋಲೋ. ಲಡಾಯಿ ಕಾ ಹೈ?"

ಸೇಠ್ ಕಣ್ಣು ಕೆಕ್ಕರಿಸಿದ. ಅಪ್ಪ ಕೈ ಒರೆಸಿಕೊಂಡ. "ನಹೀ ಬಾಯಿ. ಶಿಕಾರ್ ಕಾ ಹೈ." ಆಮೇಲೆ ಅವನ ಮಾತು ನಿಲ್ಲಲೇ ಇಲ್ಲ. ಕಟ್ಟಿಗೆ ಮೊದಲಿನದೇ, ಬಣ್ಣ ಯಾರೂ ಕೆರೆದಿಲ್ಲ, ಕೊಂಡಿ ಸಡಿಲಾಗಿಲ್ಲ, ಸೇಠ್ ಏನೇ ಬೆಲೆ ಹೇಳಲಿ, ಅದರ ಮೂರು ಪಟ್ಟಿಗಿಂತ ಕಡಿಮೆಗೆ ಕೊಡಬೇಡಿ ಎಂದ. ಬಾಯಿ ರೈಫಲನ್ನು ಶಾಲಿನಲ್ಲಿ ಸುತ್ತಿಕೊಂಡು ಎದ್ದೇಬಿಟ್ಟರು.

"ಕಲ್ ಸೇ ಮತ್ ಆನಾ," ಎಂದ ಸೇಠ್ ಅಪ್ಪನಿಗೆ. ನಾಳೆಯಿಂದ ಕೆಲಸವಿಲ್ಲ.

ಒದೆ ಬೀಳುತ್ತದೆ ಎಂದು ದಾರಿಯಲ್ಲಿ ಎರಡು ಹೆಜ್ಜೆ ಹಿಂದೆಯೇ ನಡೆದೆ. ಅಪ್ಪ ಕೇಳಿದ್ದು ಒಂದೇ: "ಜಂಗ್ ಅಂದ್ರ ಲಡಾಯಿ ಅಂತ ಗೊತ್ತಿತ್ತೇನ ನಿನಗ?"

"ಇಲ್ಲಪ್ಪಾ."

"ಗೊತ್ತಿದ್ರ ಒದರತಿದ್ದಿಲ್ಲ. ನಾನೂ ಸುಮ್ನಿರತಿದ್ದೆ. ಛಲೋ ಆತು."

ಮತ್ತೆ ಯಾವ ಸೇಠ್‌ನೂ ಅವನಿಗೆ ಬಂದೂಕಿನ ಕೆಲಸ ಕೊಡಲಿಲ್ಲ. ಕಣ್ಣು ಮುಚ್ಚಿ ಕಟ್ಟಿಗೆ ಸವರಿ ಅದರ ವಯಸ್ಸು ಹೇಳುತ್ತಿದ್ದ ಕೈ ದಹಿಸರ್‌ನ ಹೊಸ ಬಿಲ್ಡಿಂಗುಗಳಿಗೆ ಇಟ್ಟಂಗಿ ಹೊತ್ತಿತು. ಆ ವಿದ್ಯೆ ಅವನೊಂದಿಗೇ ಮಣ್ಣಾಯಿತು. ನನ್ನ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತಿತು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯಲು ಕೂತೆ. ಹೋದದ್ದು ಸಣ್ಣದಲ್ಲ, ನನಗೆ ಗೊತ್ತು. ಆದರೂ ಅಂದು ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ, ಅನ್ನಿಸುವುದೂ ಇಲ್ಲ.

ನಮ್ಮ ಮನೆಗೆ ಮೊಮ್ಮಗಳು ಬಂದು ಇಂದಿಗೆ ಒಂಬತ್ತು ದಿನ. ಅವಳು ಅತ್ತರೆ ನಾಲ್ಕು ಮಾಳಿಗೆಗೂ ಕೇಳಿಸುತ್ತದೆ. "ಅತ್ತೀ, ಬಿಲ್ಡಿಂಗ್ ಮಂದಿ ಬೈತಾರ, ಸುಮ್ನ ಮಾಡ್ರಿ," ಎನ್ನುತ್ತಾಳೆ ಸೊಸೆ.

"ಬೈಲಿ ಬಿಡವಾ," ಎಂದು ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರವೇ ಹೋಗಿ ನಿಲ್ಲುತ್ತೇನೆ.