ಮೈಕ್ ಟೆಸ್ಟಿಗೆ ಉಳಿದ ನಮ್ಮ ಹಾಡು

ನಾವು ನಾಲ್ವರು ಅರಸೀಕೆರೆಯ ಕಾಲೇಜಿನ ದಿನಗಳಲ್ಲಿ ನುಡಿಸುತ್ತಿದ್ದುದಕ್ಕೆ ಹೊರದೇಶದಲ್ಲಿ ಪೋಸ್ಟ್-ಪಂಕ್ ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಆಗ ನಾವು ಅದನ್ನು ಬ್ಯಾಂಡು ಎನ್ನುತ್ತಿದ್ದೆವು. ಅರಸೀಕೆರೆಯವರು ಗಲಾಟೆ ಎನ್ನುತ್ತಿದ್ದರು. ಬೇಲೂರಿನ ಮೈಕ್ ಸೆಟ್ ಅಂಗಡಿಯ ಹಿಂಬದಿ ಕೋಣೆಯಲ್ಲಿ ಒಂದು ಕ್ಯಾಸೆಟ್ ಮುದ್ರಿಸಿ, ಕೆಲವು ಪ್ರತಿ ಹಂಚಿದೆವು. ಮೊದಲ ಹಾಡಿನ ಆರಂಭದ ಇಪ್ಪತ್ತು ಸೆಕೆಂಡು ನನ್ನ ಬೇಸ್ ಗಿಟಾರ್ ಮಾತ್ರ ಕೇಳುತ್ತದೆ. ಅದು ಕಲೆಯ ಉದ್ದೇಶದಿಂದಲ್ಲ. ಹಗರೆಯ ನಮ್ಮ ಗಾಯಕ ಆಗ ಹೊರಗೆ ಟೀ ಕುಡಿಯುತ್ತಿದ್ದ.

ಅದೇ ಗಾಯಕ ಮರುವಾರ ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ, ನನ್ನ ಚಿಕ್ಕಪ್ಪನ ಎದುರಿಗೇ, "ನಿನ್ ಗಿಟಾರು ಯಾರ್ಗ್ ಕೇಳ್ಸುತ್ತೆ? ನೀನ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಕಣ್ಲಾ" ಎಂದ. ಬ್ಯಾಂಡು ಅಲ್ಲಿಗೆ ಮುಗಿಯಿತು. ಆತನ ಊರಿರುವ ಬೇಲೂರು ತಾಲ್ಲೂಕಿನ ಯಾವ ಸಮಾರಂಭಕ್ಕೂ ಕಾಲಿಡುವುದಿಲ್ಲವೆಂದು ನಿಶ್ಚಯಿಸಿ, ಸುಮಾರು ನಲವತ್ತು ವರ್ಷ ಪಾಲಿಸಿದೆ. ನಾದಿನಿಯ ಮಗಳ ಮದುವೆಗೂ ಹೆಂಡತಿಯೊಬ್ಬಳನ್ನೇ ಅರೇಹಳ್ಳಿಗೆ ಕಳುಹಿಸಿದೆ.

ಕಳೆದ ವರ್ಷ ಬೆಂಗಳೂರಿನ ರೆಕಾರ್ಡ್ ಕಂಪನಿಯ ಮಹಿಳೆಯೊಬ್ಬರು ಮನೆಗೆ ಬಂದರು. ಹಗರೆಯ ಮದುವೆಯೊಂದರಲ್ಲಿ ನಮ್ಮ ಹಾಡು ಕೇಳಿ ಬೇಲೂರಿನ ಅದೇ ಮೈಕ್ ಸೆಟ್ಟಿನವರನ್ನು ವಿಚಾರಿಸಿದರಂತೆ. ಉಳಿದಿದ್ದ ಒಂದೇ ಕ್ಯಾಸೆಟ್ ಆ ಅಂಗಡಿಯವರಲ್ಲಿತ್ತು. ಅಷ್ಟು ವರ್ಷವೂ ತಾಲ್ಲೂಕಿನ ಪ್ರತಿಯೊಂದು ಸಮಾರಂಭಕ್ಕೂ ಮುನ್ನ ಅವರು ಅದರ ಮೊದಲ ಇಪ್ಪತ್ತು ಸೆಕೆಂಡು ಹಾಕುತ್ತಿದ್ದರು; ನನ್ನ ತಂತಿ ಸರಿಯಾಗಿ ಗುಡುಗಿದರೆ ಸ್ಪೀಕರ್ ಸರಿಯಿದೆಯೆಂದು ಅರ್ಥ. ಅರೇಹಳ್ಳಿಯಿಂದ ಮರಳಿದ ನನ್ನ ಹೆಂಡತಿ ಹೋಳಿಗೆಯ ವಿಚಾರ ಹೇಳಿದಳೇ ಹೊರತು ಇದನ್ನು ಹೇಳಿರಲಿಲ್ಲ. ಅದನ್ನೂ ನಾನು ಮರೆತಿಲ್ಲ.

ಮರುಬಿಡುಗಡೆಗೆ ನನ್ನದೊಂದೇ ಷರತ್ತು: ಗಾಯಕ ಸ್ಟೇಷನ್ನಿನ ಮಾತನ್ನು ಹಿಂದಕ್ಕೆ ಪಡೆಯಬೇಕು, ಅದು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗಬೇಕು. ಆತ ಒಪ್ಪಲಿಲ್ಲ. ಆ ಮಹಿಳೆ ಅಂಗಲಾಚಿದ್ದರಿಂದ ಸಹಿ ಹಾಕಿದೆ.

ಬಿಡುಗಡೆ ಹಳೇಬೀಡಿನ ಸಮುದಾಯ ಭವನದಲ್ಲಿ. ಪ್ರತಿಜ್ಞೆ ಮುರಿದು ಹೋದೆ. ಮೈಕ್ ಸೆಟ್ಟಿನವರು ಹೊಸ ರೆಕಾರ್ಡಿನ ಮೇಲೆ ಮುಳ್ಳಿಟ್ಟರು. ನನ್ನ ಬೇಸ್ ಮೊಳಗಿದೊಡನೆ ಹೊರಗಿದ್ದ ಗಂಡಸರು ಒಳಬಂದು ಕುಳಿತರು, ಹೆಂಗಸರು ಮಕ್ಕಳನ್ನು ಸುಮ್ಮನಾಗಿಸಿದರು. ಇಪ್ಪತ್ತನೆಯ ಸೆಕೆಂಡಿಗೆ ಮೈಕ್ ಸೆಟ್ಟಿನವರ ಕೈ ರೂಢಿಯಂತೆ ಮುಳ್ಳನ್ನೆತ್ತಿತು. ಇಬ್ಬರು ಶಿಕ್ಷಕಿಯರು ಎದ್ದುನಿಂತು ಪ್ರಾರ್ಥನೆ ಆರಂಭಿಸಿದರು.

ಎರಡನೆಯ ಸಲ ಹಾಕಿಸಿದಾಗಲೂ ಹಾಗೆಯೇ ಆಯಿತು. ಪ್ರಾರ್ಥನೆಯೂ ಮೊದಲಿನಿಂದ ನಡೆಯಿತು. ಇಪ್ಪತ್ತೊಂದನೆಯ ಸೆಕೆಂಡಿಗೆ ಬರುವ ತನ್ನ ದನಿಯನ್ನು ಈ ತಾಲ್ಲೂಕು ಎಂದೂ ಕೇಳಿಲ್ಲವೆಂಬುದು ಗಾಯಕನಿಗೆ ಆಗ ಹೊಳೆಯಿತು. ನನ್ನತ್ತ ಬಾಗಿ, "ಆವತ್ತು ನಾನ್ ಅಂದಿದ್ದು ತಪ್ಪಾಯ್ತು ಕಣಯ್ಯ. ನಿನ್ ಮಾತಾದ್ರೆ ಅವ್ರು ಕೇಳ್ತಾರೆ. ಒಸಿ ಮುಂದಕ್ ಬಿಡಕ್ಕೇಳು" ಎಂದ.

ಮೈಕ್ ಪರೀಕ್ಷೆ ಎರಡೆರಡು ಸಲ ಆಗಿದೆ, ತಪ್ಪಾಯ್ತೆಂಬುದನ್ನು ಅದರಲ್ಲೇ ಹೇಳಬಹುದೆಂದು ಸೂಚಿಸಿದೆ. ಆತ ಹೋಗಿ ಹೇಳಿದ. ಹಿಂದಿನ ಸಾಲಿನವರಿಗೆ ಕೇಳಿಸಿದಂತೆ ಕಾಣಲಿಲ್ಲವಾದ್ದರಿಂದ ಇನ್ನೊಮ್ಮೆ ಹೇಳಿಸಿದೆ. ಅನಂತರವೇ ಮೈಕ್ ಸೆಟ್ಟಿನವರ ಬಳಿ ಹೋಗಿ, ಮೂರನೆಯ ಸಲ ಮುಳ್ಳಿಡಿಸಿ, ಅವರ ಕೈಯನ್ನು ನನ್ನ ಎರಡೂ ಕೈಗಳಿಂದ ಹಿಡಿದುಕೊಂಡು, ಹಾಡು ಮುಗಿಯುವವರೆಗೆ ನಿಂತಿದ್ದೆ.