ಗೂಳೂರಿನ ಮೂಕಿ, ಗುರುಪ್ರಕಾಶರ ಬಿಲ್ಲು

ಗುರುಪ್ರಕಾಶ್ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟರು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ಕಡತದ ಮೇಲೂ ತಾವಾಗಿ ‘ಆಗಲಿ’ ಎಂದಾಗಲೀ ‘ಬೇಡ’ ಎಂದಾಗಲೀ ಬರೆದವರಲ್ಲ. ‘ಪರಿಶೀಲಿಸಿ ಮಂಡಿಸಿ’ ಎಂದು ಕೆಳಕ್ಕೋ, ‘ಆದೇಶಕ್ಕಾಗಿ’ ಎಂದು ಮೇಲಕ್ಕೋ ದಾಟಿಸಿ, ಮೇಜನ್ನು ಮಾತ್ರ ಕನ್ನಡಿಯಂತೆ ಇಟ್ಟುಕೊಂಡವರು. ಇಂಥವರು ವರ್ಷಕ್ಕೊಂದು ದಿನ ಮೀಸೆ ಅಂಟಿಸಿಕೊಂಡು, ಕಚ್ಚೆ ಬಿಗಿದು, ಮುನ್ನೂರು ಜನರೆದುರು ದಂಡನಾಯಕರಾಗುತ್ತಿದ್ದರು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಒಂದು ದಿನಕ್ಕೆ ತಯಾರಿ ಎಂದೇ ಅವರು ತಿಳಿದಿದ್ದರು.

ಆ ದಂಡನಾಯಕನ ಹೆಸರು ಬೈರನಾಯಕ, ಹುತ್ರಿದುರ್ಗದ ಕೋಟೆಯವನು. ಇತಿಹಾಸದ ಯಾವ ಪುಸ್ತಕ ತೆರೆದರೂ ಸಿಗುವುದಿಲ್ಲ. ಅವನು ಹುಟ್ಟಿದ್ದು ಕುಣಿಗಲ್ಲಿನ ಚಿಕ್ಕರಂಗಯ್ಯ ಮೇಷ್ಟ್ರ ತಲೆಯಲ್ಲಿ. ನಾಟಕ ಬರೆದವರು, ಹಾರ್ಮೋನಿಯಂ ನುಡಿಸುವವರು, ತಪ್ಪಿದರೆ ಬಯ್ಯುವವರು ಎಲ್ಲ ಆ ಮೇಷ್ಟ್ರೊಬ್ಬರೇ. ಕಡೆಯ ದೃಶ್ಯದಲ್ಲಿ, ದೊರೆ ತನ್ನ ಮೇಲೆ ಅನುಮಾನಪಟ್ಟನೆಂದು ತಿಳಿದ ನಾಯಕ, “ಅನುಮಾನದ ಅರಮನೆಗೆ ನನ್ನ ಬಿಲ್ಲು ಕಾವಲಿರದು!” ಎಂದು ಗುಡುಗಿ, ಬಿಲ್ಲನ್ನು ನೆಲಕ್ಕೆ ಬಿಸಾಡಿ ಹೊರಟುಹೋಗಬೇಕು. ಆ ಸದ್ದಿಗೆ ದೊರೆಯ ಕಣ್ಣು ತೆರೆಯುತ್ತದೆ. ಅವನು ಅಳುತ್ತಾನೆ, ಪರದೆ ಬೀಳುತ್ತದೆ.

ಹೋದ ವರ್ಷ ಬಾಡಿಗೆಗೆ ತಂದ ಬಿಲ್ಲು ನೀರಿನ ಪೈಪಿನದು, ಮೇಲೆ ಬಂಗಾರದ ಕಾಗದ. ಗುರುಪ್ರಕಾಶ್ ಗುಡುಗಿ ಬಿಸಾಡಿದ್ದೇ ತಡ, ಅದು ಟೊಳ್ಳೆಂದು ಎರಡು ಸಲ ಪುಟಿದು, ಕಾಗದ ಹರಿದುಕೊಂಡು, ಹೊಟ್ಟೆಯ ಮೇಲಿನ ಅಳತೆಯನ್ನೂ ಕಂಪನಿಯ ಮಾರ್ಕನ್ನೂ ಮುನ್ನೂರು ಜನಕ್ಕೆ ತೋರಿಸಿತು. ಹಿಂದಿನ ಸಾಲಿನಿಂದ ಯಾರೋ, “ನಾಯಕ್ರೇ, ಎಲ್ಬೋ ಜಾಯಿಂಟು ಬೇಕಾ?” ಎಂದರು. ಅಳಬೇಕಾದ ದೊರೆ, ಅಂದರೆ ಹಾಲೋಬ್ಲಾಕ್ ವ್ಯಾಪಾರದ ಮುತ್ತುರಾಜ್, ಹೊಟ್ಟೆ ಹಿಡಿದುಕೊಂಡು ನಕ್ಕ.

ಬಣ್ಣ ಒರೆಸಿಕೊಳ್ಳುವಾಗ ಮೇಷ್ಟ್ರು ಬಂದು ಹೇಳಿದರು: “ನೋಡಿ ಸಾರ್, ಮುಂದಿನ ಸಲ ಬಿಲ್ಲು ಬಿದ್ದಾಗ ಜನ ನಕ್ರೆ ನಾಯಕನ ಪಾರ್ಟು ಬೇರೆಯೋರಿಗೆ. ನಿಮ್ಗೆ ಬಾಗಿಲು ಕಾಯೋನ ಪಾರ್ಟು. ಒಂದೇ ಮಾತು ಐತೆ, ಮರ್ತೋಗೋ ಭಯ ಇಲ್ಲ.”

ತಪ್ಪು ಪೈಪಿನದೇ ಹೊರತು ಅಭಿನಯದ್ದಲ್ಲ ಎಂದು ಗುರುಪ್ರಕಾಶ್ ಒಂದು ವಾರ ಯೋಚಿಸಿ ತೀರ್ಮಾನಿಸಿದರು. ನಿಜವಾದ ಮರದ ನಿಜವಾದ ಬಿಲ್ಲು ಮಾಡಿಸಬೇಕು. ಅದಕ್ಕೊಂದು ಕಡತ ತೆರೆದರು. ‘ವಿಷಯ: ಬಿಲ್ಲಿಗೆ ಮರ ಆಯ್ಕೆ ಮಾಡುವ ಬಗ್ಗೆ.’

“ಬಿದಿರಿಂದು ಮಾಡಿಸ್ಕೊಳ್ರಿ, ಹಗುರಾಗಿರುತ್ತೆ,” ಎಂದರು ಹೆಂಡತಿ ಸುಧಾ.

“ಬಿದಿರು ಹಿಡ್ಕೊಂಡು ನಿಂತ್ರೆ ದಂಡನಾಯಕ ಅಂತಾರಾ, ದೋಟಿ ಹಿಡ್ಕೊಂಡು ತೆಂಗಿನಕಾಯಿ ಕೀಳೋಕೆ ಬಂದವ್ನೆ ಅಂತಾರಾ?”

“ಕಾಯಿ ಕೀಳೋನು ಮರ ಹತ್ತಿ ಇಳೀತಾನೆ. ನೀವು ಸ್ಟೇಜಿನ ಮೆಟ್ಲು ಹತ್ತೋಕೇ ಏದುಸಿರು ಬಿಡ್ತೀರ.”

ಈ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಲಿಲ್ಲ. ಮರದ ಡಿಪೋದಲ್ಲಿ ತೇಗ ಕೇಳಿದರು. “ತೇಗ ಬಾಗಿಲಿಗೆ ನಿಲ್ಲುತ್ತೆ ಸಾರ್. ಬಗ್ಗು ಅಂದ್ರೆ ಬಗ್ಗಲ್ಲ, ಮುರಿಯುತ್ತೆ,” ಎಂದ ಡಿಪೋದವನು. ‘ತೇಗ: ಸ್ವಭಾವ ಮೇಲಧಿಕಾರಿಯದು. ಕೈಬಿಡಲಾಗಿದೆ’ ಎಂದು ಬರೆದುಕೊಂಡರು. ಹುಣಸೆ ಭಾರವಾಯಿತು. ಬೀಟೆಯ ಘನತೆ ಅವರ ಮನಸ್ಸಿಗೆ ಒಪ್ಪಿತ್ತು, ಆದರೆ ಆ ಹೆಸರೆತ್ತಿದ ಕೂಡಲೇ ಡಿಪೋದವನು ಕಾಗದಪತ್ರದ ಮಾತೆತ್ತಿದ. ಕಾಗದಪತ್ರ ಎಂದರೇನೆಂದು ಗುರುಪ್ರಕಾಶರಿಗಿಂತ ಬಲ್ಲವರು ಯಾರು? ಬೀಟೆಯನ್ನೂ ಕೈಬಿಟ್ಟರು. ಹೀಗೆ ನಾಲ್ಕು ತಿಂಗಳು ಕಳೆಯಿತು. ಕಡತ ದಪ್ಪವಾಯಿತು, ಬಿಲ್ಲು ಮಾತ್ರ ಇಲ್ಲ.

ಕಡೆಗೆ ಸುಧಾ ಅವರೇ ತಮ್ಮ ತವರಾದ ಗುಬ್ಬಿಗೆ ಕಳಿಸಿದರು, ಮರಗೆಲಸದ ಅಪ್ಪಾಜಿ ಆಚಾರ್ರ ಹತ್ತಿರ. ಆಚಾರ್ರು ಪ್ಲೈವುಡ್ಡಿಗೆ ಬಣ್ಣದ ಹಾಳೆ ಅಂಟಿಸುತ್ತಾ ಬೇಸರದಲ್ಲಿ ಕೂತಿದ್ದರು.

“ಬಿಲ್ಲು ಬಗ್ಗಬೇಕಾ, ಬರೀ ಬಿಲ್ಲಿನಂಗೆ ಕಾಣಬೇಕಾ?” ಎಂದು ಕೇಳಿದರು.

“ನಿಜವಾದ ಬಿಲ್ಲೇ ಬೇಕು ಆಚಾರ್ರೇ.”

“ಹಂಗಾದ್ರೆ ತಡಸಲು ಮರ ನೋಡಿ. ಕೊಡಲಿ ಕಾವು, ಗಾಡಿ ಮೂಕಿ, ಎಲ್ಲಾ ಅದ್ರಾಗೇ ಮಾಡ್ತಿದ್ದಿದ್ದು. ಬಗ್ಸಿದ್ರೆ ಬಗ್ಗುತ್ತೆ, ಬಿಟ್ರೆ ನೆಟ್ಟಗಾಗುತ್ತೆ. ಆದ್ರೆ ಹಸಿ ಮರ ಕಡಿಯೋಕೆ ಫಾರೆಸ್ಟ್‌ನೋರು ಬಿಡಲ್ಲ. ಬಿಟ್ರೂ ಒಣಗೋಕೆ ವರ್ಷ ಬೇಕು. ಹಳೇ ಎತ್ತಿನಗಾಡಿ ಹುಡುಕಿ. ನೊಗಕ್ಕೂ ಗಾಡಿಗೂ ನಡುವೆ ಉದ್ದಕ್ಕೆ ಬರೋ ಮರ ಐತಲ್ಲ, ಆ ಮೂಕಿ ಸಿಕ್ರೆ ಸಾಕು.”

ಆಮೇಲೆ ಭಾನುವಾರಗಳೆಲ್ಲ ಗಾಡಿ ಹುಡುಕುವುದರಲ್ಲೇ ಹೋದವು. ಈಗಿನ ಗಾಡಿಗಳು ಇರುವುದು ಹೈವೇ ಹೋಟೆಲುಗಳ ಮುಂದೆ, ಹೂಕುಂಡ ಹೊತ್ತುಕೊಂಡು. ಒಂದು ಹೋಟೆಲಿನ ಗಾಡಿಯ ಮೂಕಿಯನ್ನು ಗುರುಪ್ರಕಾಶ್ ಬಗ್ಗಿ ಬಗ್ಗಿ ಬಡಿದು ನೋಡುವಾಗ ಮ್ಯಾನೇಜರು ಬಂದು, “ಸೆಲ್ಫಿ ಆದ್ರೆ ಆ ಕಡೆಯಿಂದ ಸಾರ್” ಎಂದ. ಅದು ಸಿಮೆಂಟಿನ ಮೂಕಿಯಾಗಿತ್ತು.

ಗೂಳೂರಿನ ಪುಟ್ಟತಾಯಮ್ಮ ಎಂಬ ಅಜ್ಜಿಯ ಹಿತ್ತಲಲ್ಲಿ ಕೊನೆಗೂ ಮರದ ಮೂಕಿ ಸಿಕ್ಕಿತು. ಎರಡು ಕಲ್ಲುಕಂಬದ ಮೇಲೆ ಅಡ್ಡಲಾಗಿ ಮಲಗಿ, ಒದ್ದೆ ಕಂಬಳಿ ಹೊತ್ತುಕೊಂಡು, ಒಣಗುವ ಸೀರೆಗಳ ಮಧ್ಯೆ ಅಡಗಿತ್ತು. ಸ್ಕೂಟರಿನ ಹಿಂದೆ ಕೂತು ಬಂದಿದ್ದ ಅಪ್ಪಾಜಿ ಆಚಾರ್ರು ಕಂಬಳಿ ಸರಿಸಿ, ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿ, ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿದರು. ಬೆರಳಗೆಣ್ಣಿನಿಂದ ಬಡಿದರು. ಗಂಟೆಯ ಹಾಗೆ ಕೇಳಿಸಿತು.

“ಎಳೆ ನೋಡಿ ಸಾರ್, ಎಲ್ಲೂ ತುಂಡಾಗಿಲ್ಲ. ಒಂದು ಗಂಟಿಲ್ಲ. ಇಂಥದ್ದು ಇನ್ನು ಸಿಗಲ್ಲ.”

ಪುಟ್ಟತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಯಾವ ಆಫೀಸ್ನೋರಪ್ಪಾ? ಕಂದಾಯ ಕಟ್ಟಿವ್ನಿ.”

“ಅದಕ್ಕಲ್ಲಮ್ಮ. ಈ ಮೂಕಿ ಬೇಕಿತ್ತು, ಬಿಲ್ಲು ಮಾಡ್ಸೋಕೆ.”

“ಬಿಲ್ಲಾ? ಯಾರ್ಗೆ ಹೊಡಿಯಾಕೆ?”

“ಹೊಡಿಯೋಕಲ್ಲ. ನಾಟಕದಲ್ಲಿ ಬಿಸಾಡೋಕೆ.”

“ಬಿಸಾಡಾಕೆ ಇಷ್ಟು ಚೆಂದದ ಮರ ಹುಡಿಕ್ಕಂಡು ಬಂದ್ಯಾ!” ಎಂದು ಆಕೆ ಬಾಯಿಗೆ ಸೆರಗು ಹಿಡಿದರು. ನಗು ನಿಂತ ಮೇಲೆ ವ್ಯವಹಾರ ಕುದುರಿತು. ಮೂಕಿಗೆ ಬದಲು ಬಟ್ಟೆ ಹರವಲು ಒಂದು ಕಬ್ಬಿಣದ ಪೈಪು, ನಾಟಕದಲ್ಲಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ.

ಆಚಾರ್ರು ಎರಡು ತಿಂಗಳು ತೆಗೆದುಕೊಂಡರು. ಗರಗಸ ಹಾಕಿದರೆ ಎಳೆ ಕಡಿಯುತ್ತದೆಂದು ಬೆಣೆ ಹೊಡೆದು ಸೀಳಿದರು. ಗಾಜಿನ ಚೂರಿನಿಂದ ಕೂದಲೆಳೆಯಷ್ಟು ಹೆರೆಯುತ್ತಾ ಬಗ್ಗಿಸಿ ನೋಡಿದರು. ಹಗ್ಗ ಕಟ್ಟಿ ಮೀಟಿದಾಗ ಗುರುಪ್ರಕಾಶರ ಮೈಮೇಲಿನ ಕೂದಲು ನಿಮಿರಿತು. ಮನೆಗೆ ಬಂದು ಕಡತ ತೆಗೆದು, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ‘ಅನುಮೋದಿಸಿದೆ’ ಎಂದು ಬರೆದು ಸಹಿ ಹಾಕಿದರು.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಎದ್ದರೆ ಬಿಲ್ಲಿಗೆ ಎಳ್ಳೆಣ್ಣೆ, ಸಂಜೆ ಮೆತ್ತನೆಯ ಬಟ್ಟೆ. ದಿವಾನದ ಮೇಲೆ ಅದು ಮಲಗಿದರೆ ಬಂದ ನೆಂಟರು ನಿಂತೇ ಕಾಫಿ ಕುಡಿಯಬೇಕು. “ನಂಗೆ ಮಂಡಿನೋವು ಅಂದ್ರೂ ಒಂದಿನ ಎಣ್ಣೆ ಹಚ್ಲಿಲ್ಲ ನೀವು,” ಎಂದರು ಸುಧಾ. ರಿಹರ್ಸಲ್ಲಿಗೆ ಗುರುಪ್ರಕಾಶ್ ಕೊಡೆ ಒಯ್ದು ಕೊಡೆಯನ್ನೇ ಬಿಸಾಡಿದರು. ಬಿಲ್ಲು ತನ್ನಿ ಎಂದು ಮೇಷ್ಟ್ರು ಕೇಳಿದರೆ, “ಪ್ರಾಕ್ಟೀಸಿಗೆ ಬೇಡ, ಪಾಲಿಶ್ ಹೋಗುತ್ತೆ” ಎಂದುಬಿಟ್ಟರು.

ನಾಟಕದ ದಿನ ಮಧ್ಯಾಹ್ನ, ರಂಗಮಂದಿರ ತುಂಬಿತ್ತು. ಮುಂದಿನ ಸಾಲಿನಲ್ಲಿ ಪುಟ್ಟತಾಯಮ್ಮ, ಮಡಿಲಲ್ಲಿ ಕಡಲೆಪುರಿ. ಕಡೆಯ ದೃಶ್ಯ ಬಂತು. “ಅನುಮಾನದ ಅರಮನೆಗೆ ನನ್ನ ಬಿಲ್ಲು ಕಾವಲಿರದು!” ಎಂದು ಗುಡುಗಿದ ಗುರುಪ್ರಕಾಶ್ ಬಿಲ್ಲನ್ನು ತಲೆಯ ಮೇಲೆತ್ತಿದರು. ಆಗಲೇ, ವೇದಿಕೆಯ ಹಲಗೆಯಿಂದ ಮೇಲೆದ್ದ ಒಂದು ಮೊಳೆಯ ತಲೆ ಅವರ ಕಣ್ಣಿಗೆ ಬಿತ್ತು.

ಕೈ ಬಿಡಲಿಲ್ಲ.

ಮೇಷ್ಟ್ರು ಹಾರ್ಮೋನಿಯಂ ಏರಿಸಿದರು. ಮತ್ತೆ ಏರಿಸಿದರು. ಅಳಲೆಂದು ಕಣ್ಣಿಗೆ ಗ್ಲಿಸರಿನ್ ಹಚ್ಚಿಕೊಂಡಿದ್ದ ದೊರೆ ಮುತ್ತುರಾಜ್ ತುಟಿ ಅಲ್ಲಾಡಿಸದೆ ಗೊಣಗಿದ: “ಬಿಸಾಕಿ ಸಾರ್, ಕಣ್ಣು ಉರೀತೈತೆ.”

ಗುರುಪ್ರಕಾಶ್ ಬಿಲ್ಲನ್ನು ಮೆಲ್ಲಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ದೊರೆಯ ಮುಂದೆ ಚಾಚಿದರು. ಬಾಯಿಂದ ತಾನೇ ತಾನಾಗಿ ಹೊರಟಿತು: “ಪ್ರಭೂ, ಇದನ್ನು ತಮ್ಮ ಆದೇಶಕ್ಕಾಗಿ ಮಂಡಿಸಿದ್ದೇನೆ!”

ಮುತ್ತುರಾಜ್ ಕೈಯನ್ನು ಬೆನ್ನಿಗೆ ಕಟ್ಟಿಕೊಂಡ. ಹಿಂದಿನ ಸಾಲಿನಲ್ಲಿ ನಗು ಕಿಸಕ್ಕೆಂದಿತು, ನಡುವಿನ ಸಾಲಿಗೆ ಬಂತು. ಬಾಗಿಲು ಕಾಯುವವನ ಈಟಿ ಗುರುಪ್ರಕಾಶರ ಕಣ್ಣಮುಂದೆ ಬಂದು ನಿಂತಿತು.

ಪುಟ್ಟತಾಯಮ್ಮ ಕಡಲೆಪುರಿ ಕೊಡವಿಕೊಂಡು ಎದ್ದರು. “ಅಯ್ಯೋ, ಬಿಸಾಕಪ್ಪ ಅತ್ಲಾಗೆ! ನಮ್ಮ ಯಜಮಾನ್ರು ನಲವತ್ತು ವರ್ಷ ತುಂಬಿದ ಗಾಡಿ ಓಡ್ಸವ್ರೆ ಅದ್ರಾಗೆ. ಹಳ್ಳಕ್ಕೆ ಮಗುಚಿ ಬಿದ್ದಾಗ ಅವರ ಕಾಲು ಮುರೀತು, ಮೂಕಿ ಮುರೀಲಿಲ್ಲ. ನಿನ್ ಕೈಯಿಂದ ಬಿದ್ರೆ ಅದಕ್ಕೇನಾದಾತು!”

ಗುರುಪ್ರಕಾಶ್ ಕಣ್ಣು ಮುಚ್ಚಿ ಬಿಸಾಡಿದರು.

ತುಂಬು ಸದ್ದು, ಮಾಗಿದ ಮರದ್ದು. ಬಿಲ್ಲು ಒಮ್ಮೆ ಚಿಮ್ಮಿ, ಹಗ್ಗ ಝೇಂಕರಿಸಿ, ನಡುಗಿ, ದೊರೆಯ ಕಾಲ ಬುಡದಲ್ಲಿ ಮಲಗಿತು. ಒಬ್ಬರೂ ನಗಲಿಲ್ಲ. ಅಷ್ಟು ಹೊತ್ತಿನಿಂದ ಗ್ಲಿಸರಿನ್ ತಡೆದುಕೊಂಡಿದ್ದ ಮುತ್ತುರಾಜ್ ಅತ್ತ ಅಳು ಎಂಥದ್ದೆಂದರೆ, ಹೋದ ವರ್ಷ ಎಲ್ಬೋ ಕೇಳಿದವನೂ ಮೂಗೊರೆಸಿಕೊಂಡನಂತೆ.

“ಬಿಲ್ಲು ಚೆನ್ನಾಗಿ ಮಾಡ್ತು ಸಾರ್,” ಎಂದರು ಮೇಷ್ಟ್ರು ಬಣ್ಣದ ಕೋಣೆಗೆ ಬಂದು.

“ನನ್ನ ಪಾರ್ಟು?”

“ಜನ ನಕ್ಕಿದ್ದು ಬಿಲ್ಲು ಬೀಳೋಕೆ ಮುಂಚೆ. ನಾನು ಹೇಳಿದ್ದು ಬಿದ್ದಾಗ ನಕ್ರೆ ಅಂತ. ಮುಂದಿನ ವರ್ಷಾನೂ ಆ ಬಿಲ್ಲು ಬೇಕು. ಅದನ್ನ ಕರೆದು ನಿಮ್ಮನ್ನ ಬಿಡೋಕಾಗುತ್ತಾ? ಆ ಅಜ್ಜಿ ಮಾತ್ನೂ ನಾಟಕಕ್ಕೆ ಸೇರಿಸ್ಕೊತೀನಿ.”

ತಮ್ಮ ಅಭಿನಯಕ್ಕೆ ಸಿಕ್ಕ ಪ್ರಶಂಸೆಯೆಂದು ಇದನ್ನು ಗುರುಪ್ರಕಾಶ್ ಕಚೇರಿಯಲ್ಲಿ ನಾಲ್ಕು ದಿನ ಹೇಳಿಕೊಂಡರು. ಬಿಲ್ಲಿನ ಹೊಟ್ಟೆಯಲ್ಲಿ ರಾಗಿಕಾಳಿನಷ್ಟು ಒಂದು ತಗ್ಗು ಬಿದ್ದಿತ್ತು. ಅದರ ಬಗ್ಗೆ ಯಾರಿಗೂ ಹೇಳಲಿಲ್ಲ.

ಐದನೆಯ ದಿನ ಗೂಳೂರಿನಿಂದ ಫೋನು ಬಂತು.

“ನೀನ್ ಕೊಟ್ಟ ಪೈಪು ಎರಡು ಒದ್ದೆ ಕಂಬಳಿಗೇ ಬಗ್ಗೋಗೈತೆ ಕಣಪ್ಪ,” ಎಂದರು ಪುಟ್ಟತಾಯಮ್ಮ. “ನೋಡಾಕೆ ಥೇಟು ಬಿಲ್ಲಿನಂಗೇ ಐತೆ. ನೀನು ಇದ್ನ ತಗಂಡೋಗು, ನನ್ ಮೂಕಿ ತಂದ್ಕೊಡು.”

ಗುರುಪ್ರಕಾಶ್ ದಿವಾನದ ಕಡೆ ನೋಡಿದರು.

“ಪರಿಶೀಲಿಸಿ ಹೇಳ್ತೀನಮ್ಮ,” ಎಂದರು.