ಫೋನಿನ ಕಿವಿಗೆ ಕೊಬ್ಬರಿ ಎಣ್ಣೆ

ಗೆಳೆಯರೇ, ನಂಜನಗೂಡಿನ ನನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇವತ್ತೆಲ್ಲ ಕೊಬ್ಬರಿ ಎಣ್ಣೆಯ ವಾಸನೆ. ಡೈರಿಗೆ ಹಾಲು ಹಾಕಿ ಬಂದ ನಿಂಗಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ಮುಂದಿಟ್ಟರು.

"ಬನ್ನೂರಲ್ಲಿ ನಮ್ಮಕ್ಕಂಗೆ ಆಪ್ರೇಸನ್ ಆಯ್ತು ಕಣಪ್ಪ. ಫೋನಲ್ಲಿ ಅವಳ ಮಾತು ಸರ್ಯಾಗಿ ಕೇಳ್ತಿರಲಿಲ್ಲ. ಕಿವಿ ಮಂದ ಆದ್ರೆ ಎಣ್ಣೆ ಬಿಡಲ್ವಾ, ಅಂಗೇ ಇದ್ಕೂ ಬಿಟ್ಟೆ. ಈಗ ಏನೂ ಕೇಳಾಕಿಲ್ಲ."

ಫೋನ್ ಬಿಚ್ಚಿ, ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ, ಬೇಗ ಆರುವ ಕ್ಲೀನರಿನಿಂದ ಎಣ್ಣೆ ತೆಗೆದೆ. "ಇದಕ್ಕೆ ಯಾವ ಎಣ್ಣೇನೂ ಬೇಡ ಕಣಮ್ಮ" ಅಂದೆ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದರು. ಅಕ್ಕನ ದನಿ ಅಂಗಡಿಗೆಲ್ಲ ಕೇಳಿಸಿತು. ನಿಂಗಮ್ಮನ ಕಣ್ಣು ತುಂಬಿತು. ಎಣ್ಣೆಯ ಕತೆ ಕೇಳಿದ ಅಕ್ಕ ಮಾತ್ರ ಬೈದರು: "ಬರೀ ಎಣ್ಣೆ ಬಿಟ್ರೆ ಆಯ್ತದಾ? ಬೆಳ್ಳುಳ್ಳಿ ಹಾಕಿ ಕಾಯಿಸ್ಬೇಕಿತ್ತು ಕಣೆ."

ಇನ್ನೊಂದು ಡಬ್ಬಿ ಕ್ಲೀನರ್ ತರಿಸಿಟ್ಟಿದ್ದೇನೆ.